ಕ್ರೋಮ್ ತಾನಾಗಿಯೇ ಬೇರೆ ಪುಟಕ್ಕೆ ಹೋಗುತ್ತಿದೆ, ತೆಗೆದರೂ ಮತ್ತೆ ಬರುತ್ತದೆ. ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇದೆಯಾ?

ತಿಪಟೂರು_ಜೆರಾಕ್ಸ್ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಂದು ತಿಪಟೂರಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ. ಮೂರು ಸಿಸ್ಟಂ ಇವೆ. ಕಿಟಕಿ ಪಕ್ಕದ ಎರಡನೇ ಸಿಸ್ಟಂಗೆ ನಾಲ್ಕು ದಿನದಿಂದ ಏನೋ ಅಂಟಿಕೊಂಡಿದೆ. ಮೇಲೆ ಅಡ್ರೆಸ್ ಬಾರಿನಲ್ಲಿ "ಭೂಮಿ ಪಹಣಿ" ಅಂತ ಹೊಡೆದು ಎಂಟರ್ ಒತ್ತಿದರೆ ಗೂಗಲ್ ಬರುವುದಿಲ್ಲ. ಯಾವುದೋ ಎರಡು ಮೂರು ಹೆಸರು ಸರಸರ ಬದಲಾಗಿ ಕೊನೆಗೆ ಗುರುತೇ ಇಲ್ಲದ ಒಂದು ಸರ್ಚ್ ಪುಟ ಬಂದು ನಿಲ್ಲುತ್ತದೆ. ಅದರಲ್ಲಿ ಮೇಲಿನ ಐದಾರು ಸಾಲೂ ಜಾಹೀರಾತು. ಒಂದನ್ನು ಒತ್ತಿದರೆ "ನಿಮ್ಮ ಕಂಪ್ಯೂಟರಿಗೆ 5 ವೈರಸ್ ಬಂದಿದೆ" ಅಂತ ಕೆಂಪು ಬಣ್ಣದಲ್ಲಿ ಕೂಗುತ್ತದೆ.

ಹಿಸ್ಟರಿ ಅಳಿಸಿದೆ. ಕ್ರೋಮನ್ನೇ ತೆಗೆದು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ನಿನ್ನೆ ಒಬ್ಬ ಅಜ್ಜನ ಪಹಣಿ ತೆಗೆಯಲು ಹೋಗಿ, ಸರ್ಕಾರದ್ದೇ ಅನ್ನಿಸುವಂಥ ಇನ್ಯಾವುದೋ ಪುಟದಲ್ಲಿ ಅವರ ಆಧಾರ್ ನಂಬರ್ ಅರ್ಧ ಹೊಡೆದುಬಿಟ್ಟಿದ್ದೆ. ಆಮೇಲೆ ಅಡ್ರೆಸ್ ನೋಡಿ ಕೈ ತೆಗೆದೆ.

ಇಲ್ಲಿ ಸರ್ವೀಸಿನವರನ್ನು ಕೇಳಿದರೆ ಫಾರ್ಮ್ಯಾಟ್ ಹೊಡೆಯೋಣ ಅಂತಾರೆ. ಆ ಸಿಸ್ಟಂನಲ್ಲೇ ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್, ಕನ್ನಡ ಟೈಪಿಂಗಿನ ನುಡಿ, ಎರಡು ಪ್ರಿಂಟರಿನ ಡ್ರೈವರ್ ಎಲ್ಲಾ ಇವೆ. ಅವನ್ನೆಲ್ಲ ಮತ್ತೆ ಕೂರಿಸಲು ಒಂದು ದಿನ ಅಂಗಡಿ ಮುಚ್ಚಬೇಕು. ಬೇರೆ ದಾರಿ ಇದ್ದರೆ ಹೇಳಿ.

ಸೀದಾ_ಸಾದಾ (ಸೋಮವಾರ, ರಾತ್ರಿ 9:52)

ಫಾರ್ಮ್ಯಾಟ್ ಮಾಡಿ ಸರ್. ಸುಮ್ನೆ ನಾಲ್ಕು ದಿನ ಹಾಳು ಮಾಡಿಕೊಂಡಿದ್ದೀರಿ. ಎರಡು ಗಂಟೆ ಕೆಲಸ.

ಕೇಬಲ್_ಗಂಟು (ಸೋಮವಾರ, ರಾತ್ರಿ 10:15)

ಫಾರ್ಮ್ಯಾಟ್ ಕೊನೆಗೆ ಇದ್ದೇ ಇದೆ, ಅದಕ್ಕೇನು ಅವಸರ. ನಾನು ಹನ್ನೆರಡು ವರ್ಷದಿಂದ ಆಫೀಸುಗಳಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಇಂಥದ್ದಕ್ಕೆ ಫಾರ್ಮ್ಯಾಟ್ ಬೇಕಾಗಿದ್ದು ತೀರಾ ಕಡಿಮೆ.

ಮೊದಲು ಮೂರು ಪ್ರಶ್ನೆ. ಒಂದು, ಅದೇ ಸಿಸ್ಟಂನಲ್ಲಿ ಎಡ್ಜ್ ತೆರೆದು ಅದೇ ಪದ ಹುಡುಕಿ, ಅಲ್ಲೂ ಹೀಗೇ ಆಗುತ್ತದಾ? ಎರಡು, ಅದೇ ವೈಫೈಗೆ ನಿಮ್ಮ ಫೋನ್ ಹಾಕಿ ನೋಡಿದರೆ? ಮೂರು, ಉಳಿದೆರಡು ಸಿಸ್ಟಂ ಹೇಗಿವೆ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಮನೆಯಲ್ಲೋ ಅಂಗಡಿಯಲ್ಲೋ ಇರುವ ಎಲ್ಲಾ ಯಂತ್ರಕ್ಕೂ ಹೀಗಾಗುತ್ತಿದ್ದರೆ ತಪ್ಪು ರೂಟರಿನಲ್ಲಿರುತ್ತದೆ, ಕಂಪ್ಯೂಟರನ್ನು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಒಂದೇ ಯಂತ್ರದ ಎಲ್ಲಾ ಬ್ರೌಸರಿನಲ್ಲೂ ಆದರೆ ಪ್ರಾಕ್ಸಿ (ಇಂಟರ್ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೆಟ್ಟಿಂಗ್), ಇಲ್ಲವೇ ಯಾವ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಅಂತ ಬರೆದಿಡುವ ಹೋಸ್ಟ್ಸ್ ಅನ್ನೋ ಫೈಲು, ಇಲ್ಲವೇ ಒಳಗೆ ಓಡುತ್ತಿರುವ ಪ್ರೋಗ್ರಾಂ. ಒಂದೇ ಯಂತ್ರ, ಒಂದೇ ಬ್ರೌಸರ್ ಆದರೆ ಆ ಬ್ರೌಸರಿನ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಅಥವಾ ಸೆಟ್ಟಿಂಗ್.

ತಿಪಟೂರು_ಜೆರಾಕ್ಸ್ (ಮಂಗಳವಾರ, ಬೆಳಗ್ಗೆ 10:05)

ನೋಡಿದೆ ಸರ್. ಎಡ್ಜ್ ಸರಿಯಾಗಿದೆ. ಒಂದು, ಮೂರನೇ ಸಿಸ್ಟಂ ಸರಿ. ಫೋನಿನಲ್ಲೂ ಹುಡುಕಾಟ ಸರಿ ಇದೆ. ಅಂದರೆ ಎರಡನೇ ಸಿಸ್ಟಂನ ಕ್ರೋಮ್ ಮಾತ್ರ.

ಬೆಲ್ಲದ_ಕಾಫಿ (ಮಂಗಳವಾರ, ಬೆಳಗ್ಗೆ 10:20)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಮ್ಮನ ಫೋನಿನಲ್ಲಿ ಹುಡುಕಾಟ ಚೆನ್ನಾಗಿದೆ, ಆದರೆ ಅರ್ಧ ಗಂಟೆಗೊಮ್ಮೆ "ವೈರಸ್ ಬಂದಿದೆ", "ಬಹುಮಾನ ಬಂದಿದೆ" ಅಂತ ಮೇಲಿನಿಂದ ಇಳಿಯುತ್ತದೆ. ಒತ್ತಿದರೆ ಎಲ್ಲೆಲ್ಲೋ ಹೋಗುತ್ತದೆ. ಇದೂ ಅದೇನಾ?

ಕೇಬಲ್_ಗಂಟು (ಮಂಗಳವಾರ, ಬೆಳಗ್ಗೆ 10:31)

ಅಲ್ಲ ಮೇಡಂ, ಅದು ಇನ್ನೂ ಸುಲಭ. ಯಾವುದೋ ಪುಟ "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೌ ಒತ್ತಿ" ಅಂದಿರುತ್ತದೆ, ಅಮ್ಮ ಒತ್ತಿರುತ್ತಾರೆ. ಅದು ವೈರಸ್ ಅಲ್ಲ, ನೋಟಿಫಿಕೇಶನ್ ಕಳಿಸಲು ಕೊಟ್ಟ ಅನುಮತಿ. ಕ್ರೋಮಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅಲೌಡ್ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳೆಲ್ಲ ಕೂತಿರುತ್ತವೆ. ಒಂದೊಂದನ್ನೇ ಬ್ಲಾಕ್ ಮಾಡಿ.

ತಿಪಟೂರಿನವರೇ, ಮೂರು ಚುಕ್ಕಿ ಒತ್ತಿ ಎಕ್ಸ್‌ಟೆನ್ಷನ್ಸ್ ಪುಟಕ್ಕೆ ಹೋಗಿ. ಏನೇನಿದೆ ಬರೆಯಿರಿ. ಮೂರು ಚುಕ್ಕಿಯ ಮೆನುವಿನ ಕೊನೇ ಸಾಲಿನಲ್ಲಿ ಏನು ಬರೆದಿದೆ, ಅದನ್ನೂ ನೋಡಿ.

ತಿಪಟೂರು_ಜೆರಾಕ್ಸ್ (ಮಂಗಳವಾರ, ಮಧ್ಯಾಹ್ನ 1:50)

ಎರಡು ಇವೆ. ಒಂದು ನಾನೇ ಹಾಕಿದ್ದು, ಸ್ಕ್ರೀನ್‌ಶಾಟ್ ತೆಗೆಯುವುದು. ಇನ್ನೊಂದು ಪಿಡಿಎಫ್ ಅಂತ ಏನೋ ಹೆಸರಿನದು, ನಾನು ಹಾಕಿದ್ದಲ್ಲ. ಅದಕ್ಕೆ ರಿಮೂವ್ ಬಟನ್ನೇ ಇಲ್ಲ. ಆಫ್ ಮಾಡುವ ಗುಂಡಿ ಬೂದಿ ಬಣ್ಣಕ್ಕೆ ತಿರುಗಿದೆ, ಒತ್ತಿದರೆ ಅಲ್ಲಾಡುವುದಿಲ್ಲ. ಕೆಳಗೆ "ಇನ್‌ಸ್ಟಾಲ್ಡ್ ಬೈ ಯುವರ್ ಅಡ್ಮಿನಿಸ್ಟ್ರೇಟರ್" ಅಂತಿದೆ.

ಮೆನುವಿನ ಕೊನೆಯಲ್ಲಿ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತಿದೆ. ಯಾವ ಆರ್ಗನೈಸೇಶನ್ ಸ್ವಾಮಿ? ಈ ಅಂಗಡಿಗೆ ನಾನೇ ಮಾಲೀಕ, ನಾನೇ ಅಡ್ಮಿನಿಸ್ಟ್ರೇಟರ್, ಸಂಜೆ ಕಸ ಹೊಡೆಯುವವನೂ ನಾನೇ.

ಕೇಬಲ್_ಗಂಟು (ಮಂಗಳವಾರ, ಮಧ್ಯಾಹ್ನ 2:30)

ಸಿಕ್ಕಿತು. ಕಂಪನಿಗಳು ತಮ್ಮ ನೂರಾರು ಕಂಪ್ಯೂಟರಿನಲ್ಲಿ ಇಂಥ ಎಕ್ಸ್‌ಟೆನ್ಷನ್ ಇರಲೇಬೇಕು, ನೌಕರ ತೆಗೆಯಬಾರದು ಅಂತ ಮಾಡಲು ಕ್ರೋಮಿನಲ್ಲಿ ಪಾಲಿಸಿ ಅನ್ನೋ ವ್ಯವಸ್ಥೆ ಇದೆ. ಆ ಆಜ್ಞೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಬರೆದಿರುತ್ತದೆ, ಕ್ರೋಮಿನ ಒಳಗಲ್ಲ. ನೀವು ಕ್ರೋಮ್ ತೆಗೆದು ಹಾಕಿದರೂ ಹೋಗದೇ ಇದ್ದದ್ದು ಅದಕ್ಕೇ. ಹೊಸ ಕ್ರೋಮ್ ಬಂದ ತಕ್ಷಣ ರಿಜಿಸ್ಟ್ರಿ ನೋಡಿ, ಓ ಇದನ್ನು ಹಾಕಬೇಕಂತೆ ಅಂತ ತಾನೇ ಮತ್ತೆ ಹಾಕಿಕೊಂಡಿದೆ. ಕಳ್ಳ ನಿಮ್ಮ ಮನೆ ಬಾಗಿಲಿಗೆ ತನ್ನ ಬೀಗ ಹಾಕಿಕೊಂಡ ಹಾಗೆ.

ಈಗ ಮಾಡಬೇಕಾದ್ದು (ನಾನು ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ):

ಅಡ್ರೆಸ್ ಬಾರಿನಲ್ಲಿ ಕ್ರೋಮ್://ಪಾಲಿಸಿ. ಅಲ್ಲಿ "ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" ಅಂತ ಸಾಲು ಇರುತ್ತದೆ, ಪಕ್ಕದಲ್ಲಿ 32 ಅಕ್ಷರದ ಒಂದು ಗೋಜಲು. ಅದು ಎಕ್ಸ್‌ಟೆನ್ಷನ್ನಿನ ಐಡಿ. ಬರೆದಿಟ್ಟುಕೊಳ್ಳಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್. ಆ ಕ್ರೋಮ್ ಫೋಲ್ಡರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ, ಇದನ್ನು ಮರೆಯಬೇಡಿ. ಆಮೇಲೆ ಅದನ್ನು ಅಳಿಸಿ. ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ಇದೇ ದಾರಿಯಲ್ಲಿ ಹೋಗಿ ನೋಡಿ. ವಾಪಸ್ ಪಾಲಿಸಿ ಪುಟಕ್ಕೆ ಬಂದು ರೀಲೋಡ್ ಪಾಲಿಸೀಸ್ ಒತ್ತಿ. ಈಗ ಎಕ್ಸ್‌ಟೆನ್ಷನ್ ಹೋಗಿರಬೇಕು, ಇಲ್ಲವೇ ರಿಮೂವ್ ಬಟನ್ ಬಂದಿರಬೇಕು.

ಬೇರೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು: ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಆ ಸಾಲು ಇರುವುದು ಸಹಜ. ಅಲ್ಲಿ ಕೈ ಹಾಕಬೇಡಿ, ನಿಮ್ಮ ಐಟಿಯವರು ನನ್ನನ್ನು ಬೈಯುತ್ತಾರೆ.

ತಿಪಟೂರು_ಜೆರಾಕ್ಸ್ (ಮಂಗಳವಾರ, ಸಂಜೆ 7:15)

ಹೋಯ್ತು ಸರ್!! ಕೈ ನಡುಗುತ್ತಲೇ ಅಳಿಸಿದೆ. "ಭೂಮಿ ಪಹಣಿ" ಹೊಡೆದೆ, ಗೂಗಲ್ ಬಂತು. ನಿಮಗೆ ತಿಪಟೂರಿನ ಎಳನೀರು ಬಾಕಿ ಇದೆ.

ಧಾರವಾಡ_ಮಾಸ್ತರ (ಮಂಗಳವಾರ, ರಾತ್ರಿ 8:40)

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಆದದ್ದು ಬೇರೆ ಥರ, ಯಾರಿಗಾದರೂ ಉಪಯೋಗವಾದೀತು. ಹುಡುಕಾಟ ಎಲ್ಲಾ ಸರಿ, ಆದರೆ ಕ್ರೋಮ್ ತೆರೆದ ಕೂಡಲೇ ಮೊದಲ ಪುಟವಾಗಿ ಒಂದು ಆಟದ ಪುಟ ಬರುತ್ತಿತ್ತು. ಸೆಟ್ಟಿಂಗಿನಲ್ಲಿ ಎಲ್ಲಾ ನೋಡಿದರೂ ಆ ಹೆಸರು ಎಲ್ಲೂ ಇಲ್ಲ. ಹುಡುಗರಿಗೆ ಮಾತ್ರ ಖುಷಿಯೋ ಖುಷಿ.

ಕೊನೆಗೆ ಗೊತ್ತಾದದ್ದು ಹೀಗೆ: ಟಾಸ್ಕ್‌ಬಾರಿನಿಂದ ತೆರೆದರೆ ಬರುವುದಿಲ್ಲ, ಡೆಸ್ಕ್‌ಟಾಪಿನ ಐಕಾನಿನಿಂದ ತೆರೆದರೆ ಮಾತ್ರ ಬರುತ್ತದೆ. ಐಕಾನಿನ ಮೇಲೆ ಬಲಗಡೆ ಕ್ಲಿಕ್, ಪ್ರಾಪರ್ಟೀಸ್, ಟಾರ್ಗೆಟ್ ಅನ್ನೋ ಡಬ್ಬಿ. ಅದು ಚಿಕ್ಕದು, ಕ್ರೋಮ್ ಡಾಟ್ ಈಎಕ್ಸ್ಇ ಅನ್ನುವವರೆಗೆ ಕೂಡ ಪೂರ್ತಿ ಕಾಣುವುದಿಲ್ಲ. ಕರ್ಸರ್ ಇಟ್ಟು ಎಂಡ್ ಕೀ ಒತ್ತಿದೆ. ಮುಗಿಯುವ ಕೋಟ್ ಚಿಹ್ನೆ ಆದ ಮೇಲೆ ಒಂದು ಜಾಗ ಬಿಟ್ಟು ಆ ಆಟದ ಪುಟದ ವಿಳಾಸ ಹಾಯಾಗಿ ಕೂತಿತ್ತು. ಕೋಟ್ ಆದ ಮೇಲಿದ್ದದ್ದನ್ನು ಅಳಿಸಿದೆ, ಮುಗಿಯಿತು.

ತಿಪಟೂರು_ಜೆರಾಕ್ಸ್ (ಬುಧವಾರ, ಬೆಳಗ್ಗೆ 9:35)

ಮತ್ತೆ ಬಂದಿದೆ.

ಅದೇ ಪಿಡಿಎಫ್, ಅದೇ ಬೂದಿ ಬಣ್ಣದ ಗುಂಡಿ, ಅದೇ ಆರ್ಗನೈಸೇಶನ್. ರಾತ್ರಿ ಸಿಸ್ಟಂ ಆಫ್ ಮಾಡುವಾಗ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಸೀದಾ_ಸಾದಾ (ಬುಧವಾರ, ಬೆಳಗ್ಗೆ 9:41)

ನಾನು ಏನು ಹೇಳಿದ್ದೆ?

ಕೇಬಲ್_ಗಂಟು (ಬುಧವಾರ, ಬೆಳಗ್ಗೆ 10:10)

ತಪ್ಪು ನಂದು. ಹಾಕಿದವರು ಯಾರು ಅಂತ ನೋಡದೆ ಹಾಕಿದ್ದನ್ನು ಮಾತ್ರ ತೆಗೆಸಿದೆ. ಎಕ್ಸ್‌ಟೆನ್ಷನ್ ಇಲ್ಲಿ ಬರೀ ಹೊಗೆ. ಯಾರೋ ಒಬ್ಬ ದಿನಾ ಬಂದು ಆ ರಿಜಿಸ್ಟ್ರಿ ಸಾಲನ್ನು ಮತ್ತೆ ಬರೆಯುತ್ತಿದ್ದಾನೆ. ಅವನನ್ನು ಹಿಡಿಯಬೇಕು.

ಬೆಳಗ್ಗೆ ಸಿಸ್ಟಂ ಆನ್ ಮಾಡಿ ಡೆಸ್ಕ್‌ಟಾಪ್ ಬಂದ ಮೇಲೆ ಏನಾದರೂ ಮಿಂಚಿ ಮರೆಯಾಗುತ್ತದಾ, ನೆನಪಿದೆಯಾ? ಸಮಸ್ಯೆ ಶುರುವಾದ ದಿನ ಏನು ಡೌನ್‌ಲೋಡ್ ಮಾಡಿದ್ದೀರಿ?

ತಿಪಟೂರು_ಜೆರಾಕ್ಸ್ (ಬುಧವಾರ, ಬೆಳಗ್ಗೆ 11:25)

ಅರೆ, ಹೌದು ಸರ್. ಒಂದು ನೀಲಿ ಕಿಟಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಪ್ರಿಂಟರಿನದ್ದು ಅಂದುಕೊಂಡಿದ್ದೆ.

ಡೌನ್‌ಲೋಡ್ ಅಂದರೆ… ಗುರುವಾರ ಒಬ್ಬ ಡಿಗ್ರಿ ಹುಡುಗ ಪ್ರಾಜೆಕ್ಟ್ ರಿಪೋರ್ಟ್ ತಂದಿದ್ದ. ಪಿಡಿಎಫ್ ಇತ್ತು, ವರ್ಡ್ ಮಾಡಿಕೊಡಿ ಅಂದ. ಅಂಗಡಿ ತುಂಬಾ ಜನ. ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದದ್ದನ್ನು ಒತ್ತಿದೆ, ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್ ಇತ್ತು. ನೆಕ್ಸ್ಟ್ ನೆಕ್ಸ್ಟ್ ಒತ್ತಿಕೊಂಡು ಹೋದೆ. ಯೆಸ್ ಅಂತಲೂ ಒತ್ತಿದೆ.

ಕೇಬಲ್_ಗಂಟು (ಬುಧವಾರ, ಬೆಳಗ್ಗೆ 11:50)

ಆ ನೀಲಿ ಕಿಟಕಿ ಪವರ್‌ಶೆಲ್, ಬರೆದಿಟ್ಟ ಆಜ್ಞೆಗಳನ್ನು ಓಡಿಸುವ ವಿಂಡೋಸ್ ಪ್ರೋಗ್ರಾಂ. ಹೇಳಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್ ತೆರೆಯಿರಿ, ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹೊಡೆದರೆ ಸಿಗುತ್ತದೆ. ಎಡಗಡೆ ಲೈಬ್ರರಿ ಒತ್ತಿದರೆ ಪಟ್ಟಿ ಬರುತ್ತದೆ. ಒಂದೊಂದನ್ನೇ ಆರಿಸಿ ಕೆಳಗೆ ಟ್ರಿಗರ್ಸ್ ಮತ್ತು ಆಕ್ಷನ್ಸ್ ನೋಡಿ. ಹೆಸರಿಗೆ ಮರುಳಾಗಬೇಡಿ, ಅಪ್‌ಡೇಟ್ ಅಂತಲೇ ಹೆಸರಿಟ್ಟಿರುತ್ತಾರೆ. ಆಕ್ಷನ್ಸ್‌ನಲ್ಲಿ ಪವರ್‌ಶೆಲ್ ಅಂತಿದ್ದು, ಮುಂದೆ ಯಾವುದೋ ಪಿಎಸ್1 (ಪವರ್‌ಶೆಲ್ ಆಜ್ಞೆಗಳ) ಫೈಲಿನ ದಾರಿ ಇದ್ದು, ಗುರುವಾರದ ತಾರೀಖಿನಲ್ಲಿ ಹುಟ್ಟಿದ್ದರೆ ಅದೇ. ಏನನ್ನೂ ಅಳಿಸುವ ಮೊದಲು ಇಲ್ಲಿ ಬರೆಯಿರಿ.

ನಿಮ್ಮೊಬ್ಬರಿಗೇ ಆದದ್ದಲ್ಲ ಇದು. 2024ರ ಆಗಸ್ಟ್‌ನಲ್ಲಿ ರೀಸನ್‌ಲ್ಯಾಬ್ಸ್ ಅನ್ನೋ ಭದ್ರತಾ ಸಂಸ್ಥೆ ಇದೇ ಥರದ್ದನ್ನು ಬಯಲಿಗೆಳೆದಿತ್ತು. ಸುಳ್ಳು ಡೌನ್‌ಲೋಡ್ ಪುಟ, ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಪವರ್‌ಶೆಲ್ ಕೆಲಸ, ಅದು ಬಲವಂತವಾಗಿ ಹಾಕುವ ಎಕ್ಸ್‌ಟೆನ್ಷನ್. ಕ್ರೋಮ್, ಎಡ್ಜ್ ಎರಡೂ ಸೇರಿ ಕಡಿಮೆ ಅಂದರೂ 3 ಲಕ್ಷ ಜನರಿಗೆ ಹೀಗಾಗಿತ್ತು ಅಂತ ಅವರ ಲೆಕ್ಕ.

ತಿಪಟೂರು_ಜೆರಾಕ್ಸ್ (ಬುಧವಾರ, ಮಧ್ಯಾಹ್ನ 3:20)

ಇದೆ. ಅಪ್‌ಡೇಟರ್ ಅಂತಲೇ ಹೆಸರು. ಟ್ರಿಗರ್ ಅಟ್ ಲಾಗ್ ಆನ್. ಆಕ್ಷನ್ ಪವರ್‌ಶೆಲ್, ಕೊನೆಯಲ್ಲಿ ಆಪ್‌ಡೇಟಾ ಒಳಗಿನ ಒಂದು ಫೋಲ್ಡರ್. ಆ ಫೋಲ್ಡರಿನಲ್ಲಿ ಮೂರು ಫೈಲಿವೆ. ಮೂರಕ್ಕೂ ಗುರುವಾರ ಮಧ್ಯಾಹ್ನ 12:47ರ ಸಮಯ. ಆ ಹುಡುಗ ಬಂದ ಹೊತ್ತು ಅದೇ.

ಕೇಬಲ್_ಗಂಟು (ಬುಧವಾರ, ಮಧ್ಯಾಹ್ನ 3:45)

ಈಗ ಈ ಕ್ರಮದಲ್ಲೇ ಮಾಡಿ, ಹಿಂದುಮುಂದಾದರೆ ಮತ್ತೆ ಬರುತ್ತದೆ. ಕ್ರೋಮ್ ಮುಚ್ಚಿ. ಆ ಟಾಸ್ಕ್ ಅಳಿಸಿ. ಆ ಫೋಲ್ಡರ್ ಅಳಿಸಿ. ಸೆಟ್ಟಿಂಗ್ಸ್, ಆಪ್ಸ್‌ನಲ್ಲಿ ಪಟ್ಟಿಯನ್ನು ಇನ್‌ಸ್ಟಾಲ್ ಆದ ತಾರೀಖಿನ ಪ್ರಕಾರ ಜೋಡಿಸಿ ಗುರುವಾರ ಬಂದದ್ದನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ನಿನ್ನೆ ಮಾಡಿದ ರಿಜಿಸ್ಟ್ರಿ ಕೆಲಸ. ಆಮೇಲೆ ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್, ಅದು ಬುಕ್‌ಮಾರ್ಕ್, ಪಾಸ್‌ವರ್ಡ್ ಮುಟ್ಟುವುದಿಲ್ಲ. ಕೊನೆಗೆ ಮಾಲ್‌ವೇರ್‌ಬೈಟ್ಸ್‌ನವರ ಆಡ್‌ಡಬ್ಲ್ಯೂಕ್ಲೀನರ್ ಒಮ್ಮೆ ಓಡಿಸಿ, ಉಚಿತ. ಅದನ್ನು ಅವರದ್ದೇ ಪುಟದಿಂದ ಇಳಿಸಿಕೊಳ್ಳಿ. ಮತ್ತೆ ಹುಡುಕಲು ಹೋಗಿ ಹಸಿರು ಬಟನ್ ಒತ್ತಿದರೆ ನನಗೆ ಹೇಳಬೇಡಿ.

ಆದ ಮೇಲೆ ಎರಡು ಸಲ ರೀಸ್ಟಾರ್ಟ್ ಮಾಡಿ, ನೀಲಿ ಕಿಟಕಿ ಬರುತ್ತದಾ ನೋಡಿ.

ಹಳೇ_ಮಾನಿಟರ್ (ಬುಧವಾರ, ಸಂಜೆ 5:05)

ನನಗೆ ಅರ್ಥವಾಗದ್ದು, ಆಂಟಿವೈರಸ್ ಇತ್ತಲ್ವಾ? ಅದು ಏನು ಮಾಡುತ್ತಿತ್ತು? ಇದರಿಂದ ಅವರಿಗೇನು ಲಾಭ, ಬೇರೆ ಸರ್ಚ್ ಪುಟ ತೋರಿಸಿ?

ಕೇಬಲ್_ಗಂಟು (ಬುಧವಾರ, ಸಂಜೆ 5:30)

ಲಾಭ ಜಾಹೀರಾತಿನದ್ದು. ನಿಮ್ಮ ಹುಡುಕಾಟವನ್ನು ತಮ್ಮ ವಿಳಾಸದ ಮೂಲಕ ಹಾಯಿಸಿದರೆ ಈ ಗಿರಾಕಿಯನ್ನು ಕರೆತಂದವರು ನಾವು ಅಂತ ಕಮಿಷನ್ ಸಿಗುತ್ತದೆ. ಅಡ್ರೆಸ್ ಬಾರಿನಲ್ಲಿ ಎರಡು ಮೂರು ಹೆಸರು ಸರಸರ ಓಡುವುದು ಅದಕ್ಕೇ, ನಡುವೆ ನಿಂತ ಒಬ್ಬೊಬ್ಬರೂ ಪಾಲು ತೆಗೆದುಕೊಳ್ಳುತ್ತಾರೆ. ಸಂತೆಯಲ್ಲಿ ದಲ್ಲಾಳಿ ಇದ್ದ ಹಾಗೆ, ಇವನನ್ನು ಮಾತ್ರ ಯಾರೂ ಕರೆದಿರುವುದಿಲ್ಲ.

ಆಂಟಿವೈರಸ್ ಸುಮ್ಮನಿದ್ದದ್ದು ಯಾಕೆ ಅಂದರೆ, ಮಾಲೀಕನೇ ಯೆಸ್ ಒತ್ತಿ ಒಳಗೆ ಕರೆದಿದ್ದಾನೆ. ಇಂಥವನ್ನು ವೈರಸ್ ಅನ್ನುವ ಬದಲು "ಬೇಡದ ಆಪ್" ಅಂತ ಬೇರೆ ಇಟ್ಟಿರುತ್ತಾರೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಪ್ ಅಂಡ್ ಬ್ರೌಸರ್ ಕಂಟ್ರೋಲ್, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಒಳಗೆ ಇವನ್ನು ತಡೆಯುವ ಗುಂಡಿ ಇದೆ, ಆನ್ ಇದೆಯಾ ನೋಡಿಕೊಳ್ಳಿ. ಮೊದಲು ಕ್ರೋಮಿನ ಒಳಗೇ ಒಂದು ಕ್ಲೀನಪ್ ಟೂಲ್ ಇತ್ತು, 2023ರಲ್ಲಿ ಗೂಗಲ್ ಅದನ್ನು ತೆಗೆದುಬಿಟ್ಟಿತು. ಹಳೇ ವಿಡಿಯೋಗಳಲ್ಲಿ ಇನ್ನೂ ಅದನ್ನೇ ಒತ್ತಿ ಅನ್ನುತ್ತಾರೆ, ಹುಡುಕಿ ಸುಸ್ತಾಗಬೇಡಿ. ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ, ಅಲ್ಲೂ ಉಚಿತ ಟೂಲ್ ಕೊಡುತ್ತಾರೆ.

ಮಸ್ಕತ್_ಮಂಡ್ಯ (ಬುಧವಾರ, ರಾತ್ರಿ 9:10)

ಗೊತ್ತಿಲ್ಲದ್ದನ್ನು ಹಾಕಬೇಡಿ ಅಂದರೆ ಸಾಲದು. ಗೊತ್ತಿದ್ದದ್ದೇ ಕೆಡುತ್ತದೆ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಷನ್ ನಾನು ವರ್ಷಗಟ್ಟಲೆ ಬಳಸಿದ್ದೆ, 20 ಲಕ್ಷ ಜನ ಬಳಸುತ್ತಿದ್ದರು. 2020ರಲ್ಲಿ ಬರೆದವರು ಅದನ್ನು ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಮಾಲ್‌ವೇರ್ ಅಂತ ಅದನ್ನು ಎಲ್ಲರ ಕ್ರೋಮಿನಲ್ಲೂ ಆಫ್ ಮಾಡಿತು. ನಾವು ಏನೂ ಒತ್ತಿರಲಿಲ್ಲ, ಅಪ್‌ಡೇಟ್ ತಾನಾಗಿಯೇ ಬಂದಿತ್ತು.

ಇನ್ನೊಂದು, ಮೇಲೆ ರೂಟರಿನ ಮಾತು ಬಂತಲ್ಲ. ನನ್ನ ರೂಮಿನಲ್ಲಿ ನಾಲ್ಕು ಜನರ ಫೋನೂ ಒಟ್ಟಿಗೆ ಜೂಜಿನ ಪುಟಕ್ಕೆ ಹಾರುತ್ತಿದ್ದವು. ಮೊಬೈಲ್ ಡೇಟಾಗೆ ಬಂದರೆ ಸರಿ. ರೂಟರಿನ ಒಳಗೆ ಹೋಗಿ ನೋಡಿದರೆ ಡಿಎನ್‌ಎಸ್ (ಪುಟದ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಜಾಗದಲ್ಲಿ ಯಾರದೋ ನಂಬರ್. ಪಾಸ್‌ವರ್ಡ್ ಇನ್ನೂ ಡಬ್ಬಿಯ ಹಿಂದೆ ಅಚ್ಚಾದ ಅಡ್ಮಿನ್, ಅಡ್ಮಿನ್. ರೂಟರನ್ನು ಪೂರ್ತಿ ರೀಸೆಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಅದರ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಡಿಎನ್‌ಎಸ್‌ಗೆ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಕೊಟ್ಟೆ.

ಕೇಬಲ್_ಗಂಟು (ಬುಧವಾರ, ರಾತ್ರಿ 9:35)

ಡಿಎನ್‌ಎಸ್ ಆಟ ಹಳೆಯದು. ಡಿಎನ್‌ಎಸ್‌ಚೇಂಜರ್ ಅಂತ ಒಂದು ಮಾಲ್‌ವೇರ್ ಇತ್ತು, ಸುಮಾರು 40 ಲಕ್ಷ ಕಂಪ್ಯೂಟರಿಗೆ ಹತ್ತಿತ್ತು. 2011ರ ನವೆಂಬರಿನಲ್ಲಿ ಎಸ್ಟೋನಿಯಾದಲ್ಲಿ ಆರು ಜನರನ್ನು ಹಿಡಿದರು. ತಮಾಷೆ ಅಂದರೆ ಕಳ್ಳರ ಸರ್ವರನ್ನು ತಕ್ಷಣ ಆರಿಸುವ ಹಾಗಿರಲಿಲ್ಲ, ಆರಿಸಿದರೆ ಅಷ್ಟೂ ಜನರ ಇಂಟರ್ನೆಟ್ ನಿಲ್ಲುತ್ತಿತ್ತು. ಕೋರ್ಟ್ ಅಪ್ಪಣೆ ಪಡೆದು ಆ ಜಾಗದಲ್ಲಿ ಒಳ್ಳೆಯ ಸರ್ವರ್ ಇಟ್ಟು, 2012ರ ಜುಲೈ 9ರವರೆಗೆ ನಡೆಸಿದರು.

ತಿಪಟೂರು_ಜೆರಾಕ್ಸ್ (ಗುರುವಾರ, ಬೆಳಗ್ಗೆ 10:40)

ಎರಡಲ್ಲ, ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ. ನೀಲಿ ಕಿಟಕಿ ಇಲ್ಲ. ಆರ್ಗನೈಸೇಶನ್ ಇಲ್ಲ. ಕ್ಲೀನರಿಗೆ ಇನ್ನೂ ಆರು ಚೂರು ಸಿಕ್ಕಿತು, ಅದನ್ನೂ ಗುಡಿಸಿದೆ. ಈ ಸಲ ಖುಷಿಪಡಲು ಹೆದರಿಕೆ, ನಾಳೆ ಬೆಳಗ್ಗೆ ಹೇಳುತ್ತೇನೆ.

ಕೇಬಲ್_ಗಂಟು (ಗುರುವಾರ, ಬೆಳಗ್ಗೆ 11:00)

ಒಳ್ಳೆಯದು. ಒಂದು ಕೆಲಸ ಉಳಿದಿದೆ, ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಇಂಥ ಎಕ್ಸ್‌ಟೆನ್ಷನ್‌ಗಳಿಗೆ ಎಲ್ಲಾ ಪುಟವನ್ನೂ ಓದುವ, ಬದಲಿಸುವ ಅನುಮತಿ ಇರುತ್ತದೆ. ಅಂದರೆ ನೀವು ಆ ಆರು ದಿನ ಕ್ರೋಮಿನಲ್ಲಿ ಹೊಡೆದದ್ದನ್ನೆಲ್ಲ ಅದು ನೋಡಬಹುದಿತ್ತು. ನೋಡಿದೆ ಅನ್ನುತ್ತಿಲ್ಲ, ನೋಡಬಹುದಿತ್ತು. ಜಿಮೇಲ್, ಬ್ಯಾಂಕ್, ಪೋರ್ಟಲ್‌ಗಳ ಲಾಗಿನ್, ಎಲ್ಲದರ ಪಾಸ್‌ವರ್ಡ್ ಬದಲಿಸಿ, ಬೇರೆ ಯಂತ್ರದಿಂದ. ಜಿಮೇಲಿನಲ್ಲಿ ಉಳಿದ ಡಿವೈಸ್‌ಗಳಿಂದ ಸೈನ್ ಔಟ್ ಕೊಡಿ. ಖಾತೆಯಿಂದ ಏನಾದರೂ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅದೇ ಜಿಮೇಲನ್ನು ಮನೆಯ ಲ್ಯಾಪ್‌ಟಾಪಿನ ಕ್ರೋಮಿಗೂ ಹಾಕಿದ್ದೀರಾ? ಹಾಗಿದ್ದರೆ ಸಿಂಕ್ ಮೂಲಕ ಸರ್ಚ್ ಎಂಜಿನ್ ಅಲ್ಲೂ ಬದಲಾಗಿರಬಹುದು.

ಗಿರಾಕಿಗಳು ಕೂರುವ ಸಿಸ್ಟಂಗೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿಡಿ. ಆಗ ಹೆಚ್ಚಿನ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ, ನಿಮ್ಮ ಕೈಯೂ ಒಂದು ಕ್ಷಣ ನಿಲ್ಲುತ್ತದೆ.

ತಿಪಟೂರು_ಜೆರಾಕ್ಸ್ (ಮುಂದಿನ ಗುರುವಾರ, ಸಂಜೆ 6:30)

ಒಂದು ವಾರ ಆಯಿತು, ಸುದ್ದಿ ಇಲ್ಲ. ಪಾಸ್‌ವರ್ಡ್ ಎಲ್ಲಾ ಬದಲಿಸಿದೆ. ಆ ಅಜ್ಜನ ಆಧಾರ್ ಬಯೋಮೆಟ್ರಿಕ್ಕನ್ನು ಅವರನ್ನೇ ಕರೆಸಿ ಲಾಕ್ ಮಾಡಿಸಿದೆ, ಮನಸ್ಸಿಗೆ ಸಮಾಧಾನ ಇರಲಿಲ್ಲ.

ಇವತ್ತು ಆ ಡಿಗ್ರಿ ಹುಡುಗ ಮತ್ತೆ ಬಂದಿದ್ದ, ಇನ್ನೊಂದು ಪಿಡಿಎಫ್ ಹಿಡಿದುಕೊಂಡು. ನಾನು ಕೈ ಮುಗಿದೆ. ಅವನೇ ಹೇಳಿದ, "ಅಣ್ಣ, ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ವಿತ್ ವರ್ಡ್ ಕೊಡಿ, ಸಾಕು." ಕೊಟ್ಟೆ. ತೆರೆದುಕೊಂಡಿತು. ಇಷ್ಟು ವರ್ಷ ಅಂಗಡಿ ಇಟ್ಟುಕೊಂಡು ಇದು ನನಗೆ ಗೊತ್ತಿರಲಿಲ್ಲ.

ಧಾರವಾಡ_ಮಾಸ್ತರ (ಮುಂದಿನ ಗುರುವಾರ, ಸಂಜೆ 6:48)

ಕನ್ನಡ ಪಿಡಿಎಫ್ ಆಗಿದ್ದರೆ ಹಾಗೆ ತೆರೆದಾಗ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತದೆಯಲ್ಲ, ಅದಕ್ಕೇನು ಮಾಡಿದಿರಿ?

ತಿಪಟೂರು_ಜೆರಾಕ್ಸ್ (ಮುಂದಿನ ಗುರುವಾರ, ಸಂಜೆ 6:55)

ಏನೂ ಮಾಡಲಿಲ್ಲ ಮಾಸ್ತರೇ. ಅವನನ್ನೇ ಪಕ್ಕದಲ್ಲಿ ಕೂರಿಸಿ ಹನ್ನೊಂದು ಪುಟ ನುಡಿಯಲ್ಲಿ ಟೈಪ್ ಮಾಡಿಸಿದೆ.